ಓದುಗರ ಪ್ರಶ್ನೆ: ವಾಕ್ಯವೆಲ್ಲ ಬಾಯಿಪಾಠ, ಆದರೂ ಕನ್ಫರ್ಮೇಶನ್ ಆದಮೇಲೆ ಮಕ್ಕಳು ಯಾಕೆ ಕಾಣಿಸುವುದಿಲ್ಲ?

ಪ್ರಶ್ನೆ: ನಮ್ಮದು ಸಣ್ಣ ಊರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಸಂಡೇ ಸ್ಕೂಲಿಗೆ 4 ವರ್ಷದಿಂದ 14 ವರ್ಷದವರೆಗಿನ ಸುಮಾರು 30 ಮಕ್ಕಳು ಬರುತ್ತಾರೆ, ಟೀಚರುಗಳು ಮೂವರು. ಮಕ್ಕಳು ಸತ್ಯವೇದದ (ಬೈಬಲಿನ) ವಾಕ್ಯ ಚೆನ್ನಾಗಿ ಒಪ್ಪಿಸುತ್ತಾರೆ, ಕ್ರಿಸ್ಮಸ್ ನಾಟಕಕ್ಕೂ ಮುಂದೆ. ಆದರೆ ಕನ್ಫರ್ಮೇಶನ್ (ಹರೆಯದವರು ತಮ್ಮ ನಂಬಿಕೆಯನ್ನು ಸಭೆಯೆದುರು ತಾವೇ ಒಪ್ಪಿಕೊಳ್ಳುವ ವಿಧಿ) ಆಗಿ ಆರು ತಿಂಗಳಲ್ಲಿ ಹೆಚ್ಚಿನವರು ಆರಾಧನೆಗೇ ಬರುವುದಿಲ್ಲ. ನಾವು ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಮೊದಲು ಗಂಟೆಗಳ ಲೆಕ್ಕ ಹಾಕಿ. ವರ್ಷಕ್ಕೆ 52 ಭಾನುವಾರ. ಪರೀಕ್ಷೆ, ರಜೆ, ಮದುವೆ, ಕ್ರಿಸ್ಮಸ್ ಪ್ರಾಕ್ಟೀಸು ಎಂದು ಹನ್ನೆರಡು ಹೋದರೆ ಉಳಿಯುವುದು 40. ಒಂದೊಂದಕ್ಕೆ 50 ನಿಮಿಷ ಎಂದರೆ ಒಟ್ಟು 33 ಗಂಟೆ. ಹಾಜರಿ, ಹಾಡು, ಕಾಣಿಕೆ, ಪ್ರಕಟಣೆಗಳು ಅದರಲ್ಲಿ ಅರ್ಧ ನುಂಗುತ್ತವೆ. ಇಡೀ ವರ್ಷದಲ್ಲಿ ಒಂದು ಮಗು ಸತ್ಯವೇದದ ಕಥೆಯ ಜೊತೆ ಕೂರುವುದು ಹದಿನಾರು ಗಂಟೆ, ಅದೂ ತಪ್ಪದೆ ಬಂದರೆ. ಅಷ್ಟರಲ್ಲಿ ನಂಬಿಕೆಯನ್ನು ಪೂರ್ತಿ ಕಲಿಸಿಬಿಡಲು ಯಾರಿಂದಲೂ ಆಗದು. ಆಗುವುದು ಎರಡು ಕೆಲಸ. ದೇವರ ಹತ್ತಿರ ತಾನೇ ಮಾತಾಡುವ, ದೇವರ ಬಗ್ಗೆ ಬಾಯಿಬಿಟ್ಟು ಕೇಳುವ ರೂಢಿಯನ್ನು ಮಗುವಿಗೆ ಹತ್ತಿಸಬಹುದು. ಆ ರೂಢಿಯನ್ನು ಮನೆಗೂ ದೊಡ್ಡವರ ಆರಾಧನೆಗೂ ದಾಟಿಸಬಹುದು. ನಿಮ್ಮ ಪತ್ರ ನೋಡಿದರೆ ದಾಟಿಸುವುದು ನಿಂತುಹೋಗಿದೆ ಅನ್ನಿಸುತ್ತದೆ. ಮಕ್ಕಳು ಸಂಡೇ ಸ್ಕೂಲಿನವರಾಗಿದ್ದರು, ಸಭೆಯವರಾಗಿರಲಿಲ್ಲ. ಸ್ಕೂಲು ಮುಗಿಯಿತು, ಹೋದರು.

ಸಂಡೇ ಸ್ಕೂಲಿಗೆ ಶಾಲೆಯ ಆಕಾರ ಬಂದಿದ್ದಕ್ಕೂ ಒಂದು ಕಾರಣವಿದೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೈಕ್ಸ್ ಇದನ್ನು ನಡೆಸಿದ್ದು ವಾರದ ಆರು ದಿನ ದುಡಿಯುತ್ತಿದ್ದ ಬಡ ಮಕ್ಕಳಿಗೆ ಓದು ಬರಹ ಕಲಿಸಲು. ಅವರಿಗೆ ಬಿಡುವಿದ್ದದ್ದು ಭಾನುವಾರ ಮಾತ್ರ. ನಮ್ಮಲ್ಲಿ ಇಂಡಿಯಾ ಸಂಡೇ ಸ್ಕೂಲ್ ಯೂನಿಯನ್ 1876ರಲ್ಲೇ ಹುಟ್ಟಿತು. ಓದು ಬರಹ ಈಗ ಬೇರೆ ಕಡೆ ಸಿಗುತ್ತದೆ, ಹಾಜರಿ ಪುಸ್ತಕ, ಪರೀಕ್ಷೆ, ಬಹುಮಾನ ಮಾತ್ರ ನಮ್ಮಲ್ಲಿ ಉಳಿದಿವೆ. ಆರು ದಿನ ಶಾಲೆ, ಟ್ಯೂಷನ್ ಎಂದು ದಣಿದ ಮಗುವಿಗೆ ಏಳನೆಯ ದಿನವೂ ಅದೇ ಕಂಡರೆ ಎಸ್.ಎಸ್.ಎಲ್.ಸಿ. ಹೊತ್ತಿಗೆ ಬಿಡುವ ಮೊದಲ ಶಾಲೆ ಇದೇ.

ಮೂವತ್ತು ಮಕ್ಕಳನ್ನು 4ರಿಂದ 6, 7ರಿಂದ 10, 11ರಿಂದ 14 ಎಂದು ಮೂರು ಗುಂಪು ಮಾಡಿ. ಆದರೆ ಒಂದು ಗುಂಪಿಗೆ ಒಬ್ಬರೇ ದೊಡ್ಡವರು ಇರಬಾರದು. ಮೂವರು ಟೀಚರುಗಳ ಜೊತೆ ತಂದೆತಾಯಿಯರ ಸರದಿ ಹಾಕಿ. ಹನ್ನೆರಡು ಜನ ಒಪ್ಪಿದರೆ ಒಬ್ಬೊಬ್ಬರಿಗೆ ತಿಂಗಳಿಗೊಂದೇ ಭಾನುವಾರ ಬರುತ್ತದೆ. ಹದಿನಾರು ಹದಿನೇಳರ ಯುವಕ ಯುವತಿಯರು ಸಹಾಯಕರು ಮಾತ್ರ, ದೊಡ್ಡವರ ಲೆಕ್ಕಕ್ಕಿಲ್ಲ. ಜನ ಸಿಗುವವರೆಗೂ ಮೂರು ಗುಂಪನ್ನೂ ಒಂದೇ ಹಾಲಿನ ಮೂರು ಮೂಲೆಯಲ್ಲಿ ಚಾಪೆ ಹಾಸಿ ಕೂರಿಸಿ, ಬಾಗಿಲು ತೆರೆದಿರಲಿ. ಗಲಾಟೆ ಆಗುತ್ತದೆ, ನಿಜ. ಹಾಡನ್ನು ಎಲ್ಲರೂ ಸೇರಿ ಮೊದಲೇ ಹಾಡಿಬಿಟ್ಟರೆ ಅರ್ಧ ಗಲಾಟೆ ಇಳಿಯುತ್ತದೆ.

ಕಿವಿ ಹಿಂಡುವುದು, ಮೊಣಕಾಲೂರಿಸುವುದು ಬೇಡ. ಯಾವುದಾದರೂ ಮಗು ತನ್ನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಹೇಳಿದರೆ ಕಮಿಟಿಯಲ್ಲಿ ಕೂತು ವಿಚಾರಣೆ ನಡೆಸಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ 21ನೇ ಕಲಂ ಪ್ರಕಾರ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆ ಮಕ್ಕಳ ಕಣ್ಣಿಗೆ ಬೀಳುವಂತೆ ಹಾಲಿನ ಗೋಡೆಯ ಮೇಲಿರಲಿ.

50 ನಿಮಿಷವನ್ನು ಹೀಗೆ ಹಂಚಬಹುದು. ಬಂದು ಸೇರುವ ಮೊದಲ 10 ನಿಮಿಷ ಕೈಗೆ ಏನಾದರೂ ಕೆಲಸ ಇರಲಿ, ಬೇಗ ಬಂದ ಮಗು ಸುಮ್ಮನೆ ಕೂತರೆ ಅಲ್ಲೇ ಜಗಳ ಹುಟ್ಟುತ್ತದೆ. ಹಾಡಿಗೆ 5, ಕಥೆಗೆ 12, ಕಥೆಯ ಮೇಲಿನ ಮಾತುಕತೆಗೆ 13, ಪ್ರಾರ್ಥನೆಗೆ 6, ಮನೆಗೆ ಕಳಿಸುವ ಮಾತಿಗೆ 4. ಕಥೆಗಿಂತ ಮಾತುಕತೆಗೆ ಒಂದು ನಿಮಿಷ ಹೆಚ್ಚಿರುವುದನ್ನು ಗಮನಿಸಿ. ಹೆಚ್ಚಿನ ತರಗತಿಗಳಲ್ಲಿ ಟೀಚರು 25 ನಿಮಿಷ ಹೇಳಿ, ‘ಗೊತ್ತಾಯ್ತಾ ಮಕ್ಕಳೇ?’ ಎಂದು ಕೇಳಿ, ‘ಆಯ್ತು’ ಅನ್ನಿಸಿಕೊಂಡು ಮುಗಿಸುತ್ತಾರೆ.

ಜಕ್ಕಾಯನ ಕಥೆಯನ್ನೇ ತೆಗೆದುಕೊಳ್ಳಿ, ಲೂಕ 19ನೇ ಅಧ್ಯಾಯ. ಯೇಸುವನ್ನು ನೋಡಲು ಮರ ಹತ್ತಿದ ಸುಂಕದವನನ್ನು ಯೇಸು ಹೆಸರು ಹಿಡಿದು ಕರೆದು ಅವನ ಮನೆಗೆ ಹೋದ ಕಥೆ. ‘ಜಕ್ಕಾಯ ಏನನ್ನು ಹತ್ತಿದ?’ ಎಂದು ಕೇಳಿದರೆ ‘ಮರ’ ಎಂಬ ಒಂದು ಪದ ಬರುತ್ತದೆ, ಮಾತು ಅಲ್ಲಿಗೇ ಮುಗಿಯಿತು. ಬದಲಿಗೆ ಹೀಗೆ ಕೇಳಿ ನೋಡಿ: ಅಷ್ಟು ಜನರೆದುರು ಹೆಸರು ಹಿಡಿದು ಕರೆದಾಗ ಅವನಿಗೆ ಖುಷಿಯಾಯಿತೋ, ಭಯವಾಯಿತೋ? ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸು ಕೊಡುತ್ತೇನೆ ಅಂದಾಗ ಅವನ ಹೆಂಡತಿ ಇದ್ದಿದ್ದರೆ ಏನನ್ನುತ್ತಿದ್ದಳು? ಅವನು ಒಳ್ಳೆಯವನಾದ ಮೇಲೆ ಯೇಸು ಮನೆಗೆ ಬಂದನೋ, ಮನೆಗೆ ಬರುತ್ತೇನೆ ಅಂದ ಮೇಲೆ ಅವನು ಬದಲಾದನೋ? ಕೇಳಿ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಟೀಚರುಗಳಿಗೆ ಇದೇ ಕಷ್ಟ, ಮೂರು ಎಣಿಸುವಷ್ಟರಲ್ಲಿ ತಾವೇ ಉತ್ತರ ಹೇಳಿಬಿಡುತ್ತಾರೆ. ಎಲ್ಲಕ್ಕೂ ‘ಯೇಸು’ ಎಂದು ಕೈಯೆತ್ತುವ ಒಬ್ಬ ಜಾಣ ಎಲ್ಲ ತರಗತಿಯಲ್ಲೂ ಇರುತ್ತಾನೆ. ಅವನಿಗೆ ಭೇಷ್ ಅಂದರೆ ಮಿಕ್ಕವರು ಯೋಚಿಸುವುದನ್ನು ಬಿಡುತ್ತಾರೆ. ‘ಹೌದಾ? ಯಾಕೆ ಹಾಗನ್ನಿಸಿತು?’ ಎಂದರೆ ಸಾಕು.

ಆ ಮೂರನೆಯ ಪ್ರಶ್ನೆ ಮುಖ್ಯ. ನಮ್ಮ ಪಾಠಗಳಲ್ಲಿ ಬಹುಪಾಲು ‘ದಾವೀದನಂತೆ ಧೈರ್ಯವಾಗಿರು, ದಾನಿಯೇಲನಂತೆ ಪ್ರಾರ್ಥಿಸು, ಸಮುವೇಲನಂತೆ ವಿಧೇಯನಾಗಿರು’ ಎಂಬ ಬುದ್ಧಿಮಾತಿನಲ್ಲಿ ಮುಗಿಯುತ್ತವೆ. ಹತ್ತು ವರ್ಷ ಅದನ್ನೇ ಕೇಳಿದ ಮಗುವಿಗೆ ಉಳಿಯುವುದು, ಒಳ್ಳೆಯ ಮಕ್ಕಳನ್ನು ಮಾತ್ರ ದೇವರು ಹತ್ತಿರ ಸೇರಿಸುತ್ತಾನೆ ಎಂಬ ಲೆಕ್ಕ. ಹದಿಮೂರಕ್ಕೆ ಸುಳ್ಳು, ಫೋನು, ಕೋಪ, ಮನಸ್ಸಿನ ಗೊಂದಲ ಎಲ್ಲ ಶುರುವಾದಾಗ ಆ ಲೆಕ್ಕದಲ್ಲಿ ತಾನು ಫೇಲು ಎಂದು ಅದಕ್ಕೇ ಗೊತ್ತಾಗುತ್ತದೆ. ಬರುವುದನ್ನು ನಿಲ್ಲಿಸುವ ಮಕ್ಕಳಲ್ಲಿ ಇವರೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ, ನಂಬಿಕೆ ಹೋದವರಿಗಿಂತ ನಾಚಿಕೆಯಿಂದ ಹೋದವರು. ಯೇಸು ಮೊದಲು ಬಂದನು, ಜಕ್ಕಾಯ ಆಮೇಲೆ ಬದಲಾದನು ಎಂಬ ಕ್ರಮ ಮಗುವಿನ ಬಾಯಿಂದಲೇ ಬಂದರೆ ಆ ದಿನದ ಪಾಠ ಸಾರ್ಥಕ.

ವಯಸ್ಸಿಗೆ ತಕ್ಕಂತೆ ಕಥೆಯೂ ಬದಲಾಗಬೇಕು. ಆರು ವರ್ಷದೊಳಗಿನವರು ಅಲಂಕಾರದ ಮಾತನ್ನು ಅಕ್ಷರಶಃ ಹಿಡಿಯುತ್ತಾರೆ. ‘ಯೇಸು ನಿನ್ನ ಹೃದಯದಲ್ಲಿದ್ದಾನೆ’ ಅಂದರೆ ಅಷ್ಟು ದೊಡ್ಡವನು ಹೇಗೆ ಹಿಡಿಸಿದ ಎಂದು ಕೇಳುತ್ತಾರೆ, ‘ನಿನ್ನ ಜೊತೆಯಲ್ಲಿದ್ದಾನೆ’ ಅನ್ನಿ. ಇವರಿಗೆ ಒಂದೇ ಕಥೆಯನ್ನು ಎರಡು ವಾರ ಹೇಳಿ, ಬೇಸರವಾಗುವುದು ನಿಮಗೆ ಮಾತ್ರ. ಅಬ್ರಹಾಮ ಇಸಾಕನನ್ನು ಬಲಿಗೆ ಕರೆದೊಯ್ದ ಕಥೆ ಈ ವಯಸ್ಸಿಗೆ ಬೇಡವೇ ಬೇಡ. ಐದು ವರ್ಷದ ಮಗು ಅದನ್ನು ಇಸಾಕನ ಜಾಗದಲ್ಲಿ ನಿಂತು ಕೇಳುತ್ತದೆ. ಏಳರಿಂದ ಹತ್ತರವರಿಗೆ ನ್ಯಾಯ ಅನ್ಯಾಯದ ಚಿಂತೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ಕುತೂಹಲ. ಗೋಡೆಯುದ್ದಕ್ಕೂ ಒಂದು ದಾರ ಕಟ್ಟಿ ಅಬ್ರಹಾಮ, ಮೋಶೆ, ದಾವೀದ, ಯೇಸು ಎಂದು ಚೀಟಿ ಸಿಕ್ಕಿಸುತ್ತಾ ಹೋದರೆ ಬಿಡಿಬಿಡಿ ಕಥೆಗಳು ಒಂದಾಗುತ್ತವೆ.

ಹನ್ನೊಂದು ದಾಟಿದವರ ಗುಂಪಿಗೆ ನಿಮ್ಮಲ್ಲಿ ಹೆಚ್ಚು ತಾಳ್ಮೆ ಇರುವವರನ್ನು ಹಾಕಿ. ಸೃಷ್ಟಿ ಆರು ದಿನವಾ, ವಿಜ್ಞಾನದ ಪಾಠ ಸುಳ್ಳಾ? ಅಷ್ಟು ಪ್ರಾರ್ಥಿಸಿದರೂ ಅಜ್ಜ ಯಾಕೆ ಸತ್ತರು? ಗಣಪತಿ ಹಬ್ಬದಲ್ಲಿ ಫ್ರೆಂಡ್ ಮನೆಯ ಪ್ರಸಾದ ತಿನ್ನಬಹುದಾ? ಹೀಗೆಲ್ಲ ಕೇಳುತ್ತಾರೆ, ಕೇಳಲೂಬೇಕು. ‘ಹಾಗೆಲ್ಲ ಕೇಳಬಾರದು’ ಎಂದು ಒಮ್ಮೆ ಅಂದರೆ ಮತ್ತೆ ಕೇಳುವುದಿಲ್ಲ, ಯೂಟ್ಯೂಬಿನಲ್ಲಿ ಹುಡುಕಿಕೊಳ್ಳುತ್ತಾರೆ. ಒಂದು ಡಬ್ಬಿ ಇಡಿ, ಹೆಸರಿಲ್ಲದ ಚೀಟಿ ಹಾಕಲಿ, ವಾರಕ್ಕೆ ಎರಡು ಚೀಟಿ ತೆಗೆಯಿರಿ. ಗೊತ್ತಿಲ್ಲದ್ದಕ್ಕೆ ‘ಅಯ್ಯನವರನ್ನು (ಸಭೆಯ ಪಾದ್ರಿಯನ್ನು) ಕೇಳಿ ಮುಂದಿನ ವಾರ ಹೇಳುತ್ತೇನೆ’ ಅನ್ನಿ, ಹೇಳಿದಂತೆ ಮಾಡಿ. ಮರೆತರೆ ಡಬ್ಬಿ ಖಾಲಿಯಾಗುತ್ತದೆ. ‘ಇನ್ನೆಷ್ಟು ಕಾಲ’ ಎಂದು ದೇವರನ್ನೇ ಕೇಳುವ 13ನೇ ಕೀರ್ತನೆ, ಕಣ್ಣಾರೆ ಕಾಣದೆ ನಂಬೆನೆಂದ ತೋಮನ ಕಥೆ (ಯೋಹಾನ 20) ಈ ವಯಸ್ಸಿನವರಿಗೆ ದಾವೀದ ಗೊಲ್ಯಾತರಿಗಿಂತ ಹತ್ತಿರ. ಪ್ರಸಾದದ ಪ್ರಶ್ನೆಗೆ 1 ಕೊರಿಂಥ 8 ಮತ್ತು 10 ಓದಿಸಿ. ವಿಗ್ರಹಕ್ಕಿಟ್ಟ ಪದಾರ್ಥದ ಬಗ್ಗೆ ಪೌಲನೇ ಎರಡು ಅಧ್ಯಾಯಗಳಲ್ಲಿ ಚರ್ಚಿಸಿದ್ದಾನೆ. ನಿಮ್ಮ ಸಭೆಯ, ಮನೆಯ ನಿಲುವು ಏನೇ ಇರಲಿ, ಸ್ನೇಹಿತನ ದೇವರನ್ನು ಹೀಯಾಳಿಸಿ ಉತ್ತರ ಕೊಡಬೇಡಿ. ಸೋಮವಾರ ಅದೇ ಮಾತು ಮಗುವಿನ ಬಾಯಲ್ಲಿ ಶಾಲೆಗೆ ಹೋಗುತ್ತದೆ.

ಕಂಠಪಾಠ ಬೇಡವೆಂದಲ್ಲ, ಕಡಿಮೆ ಮಾಡಿ. ವಾರಕ್ಕೊಂದರ ಬದಲು ತಿಂಗಳಿಗೊಂದು ವಾಕ್ಯ. ಮೊದಲ ವಾರ ಅರ್ಥ, ಎರಡನೆಯ ವಾರ ಅಭಿನಯ, ಮೂರನೆಯ ವಾರ ಎಲ್ಲರೂ ಸೇರಿ ಹೇಳುವುದು, ನಾಲ್ಕನೆಯ ವಾರ ಅದೇ ವಾಕ್ಯವನ್ನು ಪ್ರಾರ್ಥನೆಯಾಗಿ ತಿರುಗಿಸುವುದು. ಆರಾಧನೆಯಲ್ಲಿ ಬಳಕೆಯಾಗುವುದನ್ನೇ ಆರಿಸಿ: ಕರ್ತನ ಪ್ರಾರ್ಥನೆ, 23ನೇ ಕೀರ್ತನೆ, ಹತ್ತು ದಾಟಿದವರಿಗೆ ವಿಶ್ವಾಸ ಪ್ರಮಾಣ. ದೊಡ್ಡವರು ಎದ್ದುನಿಂತು ಹೇಳುವಾಗ ಮಗುವೂ ದನಿಗೂಡಿಸಬಹುದಲ್ಲ. ಕನ್ನಡ ಓದಲು ಬಾರದ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕೇಳಿಸಿ ಕಲಿಸಿ. ಚಾರ್ಟಿನ ಮೇಲೆ ಸ್ಟಾರ್ ಅಂಟಿಸುವುದು, ವಾಕ್ಯಕ್ಕೊಂದು ಚಾಕಲೇಟು, ವರ್ಷದ ಕೊನೆಗೆ ಫಸ್ಟ್ ಪ್ರೈಜ್ ಇವನ್ನೆಲ್ಲ ನಿಲ್ಲಿಸಿ. ಗೆಲ್ಲುವುದು ಮನೆಯಲ್ಲಿ ಕೂತು ಹೇಳಿಕೊಡುವವರಿರುವ ಮಗು. ನಾಚಿಕೆಯ ಮಗು, ಓದು ನಿಧಾನವಿರುವ ಮಗು ಪ್ರತಿ ವಾರ ಎಲ್ಲರೆದುರು ಸೋಲುತ್ತದೆ.

ಪ್ರಾರ್ಥನೆಯಲ್ಲಿ ಟೀಚರು ಒಂದು ಸಾಲು, ಮಕ್ಕಳು ಅದೇ ಸಾಲು ಎಂಬ ಪದ್ಧತಿ ನಾಲ್ಕು ಐದು ವರ್ಷದವರಿಗೆ ಸರಿ. ಆಮೇಲೆ ಒಬ್ಬೊಬ್ಬರು ಒಂದೊಂದು ವಾಕ್ಯ: ಒಂದು ಸ್ತೋತ್ರ, ಅಥವಾ ಒಂದು ಕ್ಷಮೆ, ಅಥವಾ ಒಂದು ಬೇಡಿಕೆ. ಕಲ್ಲೋ ಮೇಣದ ಬತ್ತಿಯೋ ಕೈಯಿಂದ ಕೈಗೆ ಹೋಗಲಿ, ಮಾತು ಬೇಡವೆನಿಸಿದವರು ಸುಮ್ಮನೆ ದಾಟಿಸಲಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬೇಡಿಕೆ ಬರೆದು, ಎರಡು ತಿಂಗಳ ಮೇಲೆ ಏನಾಯಿತೆಂದು ಪಕ್ಕದಲ್ಲಿ ಬರೆಯಿರಿ, ಆಗದೆ ಉಳಿದದ್ದನ್ನೂ. ಮಗು ‘ಅಪ್ಪ ಕುಡಿದು ಹೊಡೀತಾರೆ’ ಅಂದದ್ದು ಮಾತ್ರ ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ಪ್ರಾರ್ಥನಾ ವಿಷಯವಾಗಿ ಬರಕೂಡದು. ಅಯ್ಯನವರಿಗೆ ನೇರವಾಗಿ ತಿಳಿಸಿ, ಮಗುವಿಗೆ ಏಟು ಬೀಳುತ್ತಿದ್ದರೆ 1098ಕ್ಕೆ ಕರೆ ಮಾಡಿ.

ಮನೆಗೆ ವರ್ಕ್‌ಶೀಟ್ ಕಳಿಸಬೇಡಿ, ಬ್ಯಾಗಿನಲ್ಲೇ ಮುದುಡಿರುತ್ತದೆ. ಭಾನುವಾರ ಸಂಜೆ ಒಂದೇ ಪ್ರಶ್ನೆ ಕಳಿಸಿ: ‘ಜಕ್ಕಾಯನ ಮನೆಗೆ ಯೇಸು ಇಳಿದುಕೊಳ್ಳಲು ಹೋದದ್ದನ್ನು ಕಂಡು ಜನ ಯಾಕೆ ಗೊಣಗಿದರು? ಊಟದ ಹೊತ್ತಿಗೆ ಮಗುವನ್ನು ಕೇಳಿ.’ ಧರ್ಮೋಪದೇಶಕಾಂಡ 6:7 ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಎನ್ನುತ್ತದೆ, ಎಲ್ಲವೂ ತಂದೆತಾಯಿ ಇರುವ ಹೊತ್ತು. ಕುಟುಂಬ ಪ್ರಾರ್ಥನೆ ಮುಕ್ಕಾಲು ಗಂಟೆ ನಡೆದರೆ ಮಗು ಕಲಿಯುವುದು ಕೂತಲ್ಲೇ ನಿದ್ದೆ ಮಾಡುವುದನ್ನು. ಮಗು ಆರಿಸಿದ ಹಾಡಿನ ಒಂದು ಚರಣ, ಐದು ವಚನ, ಒಂದು ಪ್ರಶ್ನೆ, ಮಗುವಿನ ಒಂದು ಸಾಲಿನ ಪ್ರಾರ್ಥನೆ, ಹತ್ತು ನಿಮಿಷ ಸಾಕು. ತಂದೆತಾಯಿ ಇಬ್ಬರೂ ಶಿಫ್ಟಿನಲ್ಲಿ ದುಡಿಯುವ ಮನೆಗಳಲ್ಲಿ ಅಜ್ಜಿಗೆ ಹೇಳಿ. ತಿಮೊಥೆಯನ ನಂಬಿಕೆಯ ಮಾತು ಬಂದಾಗ ಪೌಲನು ಮೊದಲು ಹೆಸರಿಸುವುದು ಅವನ ಅಜ್ಜಿಯನ್ನೇ.

ಇನ್ನು ಸಭೆ. ಆರಾಧನೆಯ ಹೊತ್ತಿಗೇ ಸಂಡೇ ಸ್ಕೂಲ್ ನಡೆಯುವ ಕಡೆ ಮಕ್ಕಳು ಹತ್ತು ವರ್ಷ ಪೂರ್ತಿ ಆರಾಧನೆಯನ್ನೇ ನೋಡಿರುವುದಿಲ್ಲ. ಕನ್ಫರ್ಮೇಶನ್ ಆದ ಮರುವಾರ ‘ಇನ್ನು ಒಳಗೆ ಕೂರು’ ಎಂದರೆ ಅದು ಅವರಿಗೆ ಪರಸ್ಥಳ. ತಿಂಗಳಿಗೊಂದು ಭಾನುವಾರ ತರಗತಿ ಬಿಟ್ಟು ಮನೆಯವರ ಜೊತೆ ಪೂರ್ತಿ ಆರಾಧನೆಗೆ ಕೂರಿಸಿ, ಎಂಟು ವರ್ಷದಿಂದಲೇ. ಅವತ್ತು ಕಾಣಿಕೆ ಎತ್ತುವುದು, ಪಾಠ ಓದುವುದು ಮಕ್ಕಳ ಕೆಲಸ. ಓದುವವರಿಗೆ ಹಿಂದಿನ ವಾರವೇ ಭಾಗ ಕೊಟ್ಟು ಮೈಕಿನ ಮುಂದೆ ಮೂರು ಸಲ ಓದಿಸಿ. ಕನ್ಫರ್ಮೇಶನ್ ತರಗತಿ ಶುರುವಾಗುವಾಗ ಒಬ್ಬೊಬ್ಬರಿಗೂ ತಂದೆತಾಯಿ ಅಲ್ಲದ ಒಬ್ಬ ದೊಡ್ಡವರನ್ನು ಜೊತೆ ಮಾಡಿ, ಹುಡುಗಿಗೆ ಹೆಂಗಸು, ಹುಡುಗನಿಗೆ ಗಂಡಸು, ಭೇಟಿ ಚರ್ಚಿನ ಆವರಣದಲ್ಲೇ. ಕನ್ಫರ್ಮೇಶನ್ ಆಗಿ ಮೊದಲ ಸಲ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಪಡೆದ ಮರುವಾರಕ್ಕೇ ನಿಜವಾದ ಕೆಲಸ ಕಾದಿರಲಿ: ಗಾಯನ, ಸೌಂಡ್ ಸಿಸ್ಟಮ್, ಚಿಕ್ಕವರ ಗುಂಪಿಗೆ ಸಹಾಯ. ಸತತ ಎರಡು ವಾರ ಬಾರದಿದ್ದರೆ ಆ ದೊಡ್ಡವರು ಮನೆಗೆ ಫೋನ್ ಮಾಡಲಿ. ಆರು ತಿಂಗಳು ಕಾದು ಕಮಿಟಿಯಲ್ಲಿ ಚರ್ಚಿಸುವಷ್ಟರಲ್ಲಿ ಭಾನುವಾರಕ್ಕೆ ಕ್ರಿಕೆಟ್ ಬಂದಿರುತ್ತದೆ.

ಬೇಸಿಗೆ ರಜೆಯ ಬೈಬಲ್ ಶಾಲೆ, ಅಂದರೆ ವಿ.ಬಿ.ಎಸ್. ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಹತ್ತು ದಿನ, ದಿನಕ್ಕೆ ಮೂರು ಗಂಟೆ ಎಂದರೆ 30 ಗಂಟೆ, ಹೆಚ್ಚುಕಡಿಮೆ ಇಡೀ ವರ್ಷದ ಭಾನುವಾರಗಳಷ್ಟು. ಅದರಲ್ಲಿ ಕೊನೆಯ ನಾಲ್ಕು ದಿನ ಮುಕ್ತಾಯ ಕಾರ್ಯಕ್ರಮದ ಡ್ಯಾನ್ಸ್ ಪ್ರಾಕ್ಟೀಸಿಗೆ ಹೋದರೆ ನಷ್ಟ ದೊಡ್ಡದು. ಮಕ್ಕಳು ಆ ಹತ್ತು ದಿನ ಕಲಿತ ಹಾಡುಗಳನ್ನೇ ಹಾಡಿಸಿ, ಒಂದು ದಿನದ ತಯಾರಿ ಸಾಕು. ‘ಯೇಸುವನ್ನು ಸ್ವೀಕರಿಸುವವರು ಕೈಯೆತ್ತಿ’ ಎಂದು ಗುಂಪಿನಲ್ಲಿ ಕೇಳಬೇಡಿ, ಪಕ್ಕದವನು ಎತ್ತಿದ್ದಕ್ಕೆ ಎಲ್ಲರೂ ಎತ್ತುತ್ತಾರೆ. ಮಾತಾಡಬೇಕೆನಿಸಿದವರು ಆಮೇಲೆ ಬಂದು ಕೂರಲಿ ಅನ್ನಿ. ಬೇರೆ ಧರ್ಮದ ಮನೆಯ ಮಕ್ಕಳೂ ಬರುವ ಊರು ನಿಮ್ಮದಾದರೆ, ಇಲ್ಲಿ ಸತ್ಯವೇದದ ಕಥೆ, ಹಾಡು, ಪ್ರಾರ್ಥನೆ ಇರುತ್ತದೆಂದು ಸ್ಪಷ್ಟವಾಗಿ ಬರೆದ ಕಾಗದಕ್ಕೆ ಮೊದಲ ದಿನವೇ ತಂದೆ ಅಥವಾ ತಾಯಿಯ ಸಹಿ ಪಡೆಯಿರಿ. ಸಹಿ ಇಲ್ಲದ ಮಗುವನ್ನು ನಯವಾಗಿ ಮನೆಗೆ ಬಿಟ್ಟು ಬನ್ನಿ. ಉಡುಗೊರೆ ಎಲ್ಲರಿಗೂ ಒಂದೇ ಇರಲಿ, ಫೋಟೊ ಫೇಸ್‌ಬುಕ್ಕಿಗೆ ಹಾಕಬೇಡಿ.