ಎಲ್‌ಟಿಗೆ ಲಿಸ್ಪ್ ಬರೋದಕ್ಕೆ 30 ವರ್ಷ

ಡ್ರಾಫ್ಟಿಂಗ್ ಆಫೀಸಿನಲ್ಲಿ ಕೆಲಸ ಮಾಡಿದವರು ಈ ಮಾತು ಕೇಳಿಯೇ ಇರುತ್ತಾರೆ: "ಅದಕ್ಕೊಂದು ಲಿಸ್ಪ್ ಇದೆ, ಕಳಿಸ್ತೀನಿ ತಡಿ." ಪೆನ್‌ಡ್ರೈವ್‌ನಲ್ಲೋ ವಾಟ್ಸಾಪ್‌ನಲ್ಲೋ ಪುಟ್ಟ ಫೈಲ್ ಬರುತ್ತದೆ, ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್‌ನಲ್ಲಿ ಆ್ಯಪ್‌ಲೋಡ್ ಅಂತ ಟೈಪ್ ಮಾಡಿ ಹಾಕಿಕೊಂಡರೆ ಇನ್ನೂರು ಹೋಲ್‌ಗಳಿಗೆ ನಂಬರ್ ಹಾಕುವ ಕೆಲಸ ಟೀ ಬರುವಷ್ಟರಲ್ಲಿ ಮುಗಿದಿರುತ್ತದೆ. ಬರೆದವರು ಯಾರೋ, ಯಾವ ಕಾಲದ್ದೋ.

ಆಟೋಕ್ಯಾಡ್ ಬಂದಿದ್ದು 1982ರ ಕೊನೆಗೆ. ಅದರೊಳಗೆ ಲಿಸ್ಪ್‌ನ ತನ್ನದೇ ರೂಪವಾದ ಆಟೋಲಿಸ್ಪ್ ಸೇರಿದ್ದು 1986ರ ಜನವರಿಯಲ್ಲಿ, 2.18 ಆವೃತ್ತಿಯಲ್ಲಿ. ಲಿಸ್ಪ್ ಅಷ್ಟೊತ್ತಿಗೇ ಹಳೇ ಭಾಷೆ, ಜಾನ್ ಮೆಕಾರ್ಥಿ ಅದನ್ನು ಶುರು ಮಾಡಿದ್ದು 1958ರಲ್ಲಿ. ಡೇವಿಡ್ ಬೆಟ್ಜ್ ಬರೆದಿದ್ದ ಎಕ್ಸ್‌ಲಿಸ್ಪ್ ಎಂಬ ಚಿಕ್ಕ ರೂಪವನ್ನು ತಂದು ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕಂಪನಿಯವರು ತಮಗೆ ಬೇಕಾದ ಹಾಗೆ ತಿದ್ದಿಕೊಂಡರು. ಎಲ್ಲಿ ನೋಡಿದರೂ ಕಂಸಗಳೇ, ಒಂದು ಮುಚ್ಚೋದು ಮರೆತರೆ ಅರ್ಧ ದಿನ ಹೋಯಿತು. ಆದರೆ ಡ್ರಾಯಿಂಗ್‌ಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಒಂದು ಪಾಯಿಂಟ್ ಅಂದರೆ ಮೂರು ಸಂಖ್ಯೆಗಳ ಪಟ್ಟಿ, ಒಂದು ಗೆರೆ ಅಂದರೆ 8 ಎಂಬ ಕೋಡಿನಲ್ಲಿ ಲೇಯರ್, 10ರಲ್ಲಿ ಶುರುವಿನ ಪಾಯಿಂಟ್, 11ರಲ್ಲಿ ಕೊನೆಯ ಪಾಯಿಂಟ್ ಇರುವ ಇನ್ನೊಂದು ಪಟ್ಟಿ, ಮತ್ತು ಲಿಸ್ಪ್‌ಗೆ ಚೆನ್ನಾಗಿ ಬರುವುದೇ ಪಟ್ಟಿಗಳ ಕೆಲಸ ಅಲ್ವಾ.

1993ರಲ್ಲಿ ಕಡಿಮೆ ಬೆಲೆಯ ಆಟೋಕ್ಯಾಡ್ ಎಲ್‌ಟಿ ಬಂತು. ಗೆರೆ, ಬ್ಲಾಕ್, ಡೈಮೆನ್ಷನ್ ಎಲ್ಲಾ ಇತ್ತು, ಲಿಸ್ಪ್ ಇರಲಿಲ್ಲ. ಅದು ಬೇಕಾದರೆ ಪೂರ್ತಿ ಆಟೋಕ್ಯಾಡ್ ಕೊಳ್ಳಬೇಕಿತ್ತು. ಅಂದರೆ ದುಡ್ಡು ಉಳಿಸಿದವರು ಸಮಯ ಕಳೆದುಕೊಳ್ಳಬೇಕಿತ್ತು! ಕೊನೆಗೂ ಲಿಸ್ಪ್ ಸಿಕ್ಕಿದ್ದು 2023ರಲ್ಲಿ, ಎಲ್‌ಟಿ 2024 ಬಂದಾಗ.

ಅಲ್ಲಿಯವರೆಗೆ ಎಲ್‌ಟಿಯವರು ಸುಮ್ನೆ ಕೂತಿರಲಿಲ್ಲ. ಕಮಾಂಡ್‌ಗಳನ್ನು ಸಾಲಾಗಿ ಬರೆದಿಡುವ ಸ್ಕ್ರಿಪ್ಟ್ ಫೈಲ್ ಇತ್ತು, ಎಕ್ಸೆಲ್ ಇತ್ತು. ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರದಿಂದ ಬಂದ ಈಸ್ಟಿಂಗ್, ನಾರ್ತಿಂಗ್ (ಪೂರ್ವ, ಉತ್ತರ ದಿಕ್ಕಿನ ಅಳತೆ) ಕಾಲಂಗಳ ನಡುವೆ ಒಂದು ಅಲ್ಪವಿರಾಮ ಸೇರಿಸಿ ಒಂದೇ ಕಾಲಂ ಮಾಡಿ, ಪಿಎಲ್ (ಪಾಲಿಲೈನ್, ಅಂದರೆ ಜೋಡಿಸಿದ ಗೆರೆಗಳ ಕಮಾಂಡ್) ಒತ್ತಿ, ಕಮಾಂಡ್ ಲೈನಿಗೆ ಪೇಸ್ಟ್ ಮಾಡಿದರೆ ಇಡೀ ಗಡಿ ಬಂದುಬಿಡುತ್ತದೆ. ಆಟೊಮೇಷನ್ ಕಲಿಯಲು ಇವತ್ತಿಗೂ ನಾನು ಹೇಳುವ ಮೊದಲ ಹೆಜ್ಜೆ ಇದೇ. ಸ್ಕ್ರಿಪ್ಟ್ ಬರೆಯುವಾಗ ಒಂದು ಎಚ್ಚರ ಬೇಕು: ಅಲ್ಲಿ ಒಂದು ಸ್ಪೇಸ್ ಅಂದರೆ ಒಂದು ಎಂಟರ್. ಕಣ್ಣಿಗೆ ಕಾಣದ ಜಾಸ್ತಿ ಸ್ಪೇಸ್ ಒಂದು ಬಿದ್ದರೆ ಹಿಂದಿನ ಕಮಾಂಡೇ ಮತ್ತೆ ಓಡುತ್ತದೆ.

ಲಿಸ್ಪ್‌ಗೆ ಬಂದರೆ, ನಾನು ಪೆಟ್ಟು ತಿಂದಿದ್ದು ಓಸ್ನ್ಯಾಪ್‌ನಿಂದ, ಅಂದರೆ ಪಾಯಿಂಟನ್ನು ಹತ್ತಿರದ ಗೆರೆಯ ತುದಿ, ಮಧ್ಯಕ್ಕೆ ಎಳೆದು ಕೂರಿಸುವ ಸೌಲಭ್ಯದಿಂದ. ಬೋಲ್ಟ್ ಹೋಲ್ ಹಾಕುವ ಪ್ರೋಗ್ರಾಂ ಬರೆದಿದ್ದೆ. ಲೆಕ್ಕ ಸರಿ, ಹೋಲ್‌ಗಳು ಮಾತ್ರ ಪಕ್ಕದ ಗೆರೆಯ ತುದಿಗೆ ಹೋಗಿ ಅಂಟಿಕೊಳ್ಳುತ್ತಿದ್ದವು. ಝೂಮ್ ಮಾಡಿ ಓಡಿಸಿದರೆ ಸರಿ, ದೂರದಿಂದ ಓಡಿಸಿದರೆ ತಪ್ಪು. ಪ್ರೋಗ್ರಾಂ ಕೊಟ್ಟ ಪಾಯಿಂಟನ್ನೂ ಓಸ್ನ್ಯಾಪ್ ಎಳೆದುಕೊಳ್ಳುತ್ತದೆ ಅಂತ ಗೊತ್ತಾಗೋಕೆ ಎರಡು ದಿನ ಬೇಕಾಯಿತು. ಪ್ರೋಗ್ರಾಂ ಶುರುವಿನಲ್ಲಿ ಓಸ್‌ಮೋಡ್‌ನ (ಓಸ್ನ್ಯಾಪ್‌ನ ಸೆಟ್ಟಿಂಗ್) ಬೆಲೆ ಎತ್ತಿಟ್ಟುಕೊಂಡು ಸೊನ್ನೆ ಮಾಡಿ, ಮುಗಿದ ಮೇಲೆ ವಾಪಸ್ ಹಾಕಿ. ನಡುವೆ ಯಾರಾದರೂ ಎಸ್ಕೇಪ್ ಒತ್ತಿದರೂ ವಾಪಸ್ ಬರುವ ಹಾಗೆ ಎರರ್ ಫಂಕ್ಷನ್‌ನಲ್ಲೂ ಅದನ್ನು ಬರೆಯಿರಿ, ಇಲ್ಲದಿದ್ದರೆ ಪಕ್ಕದ ಟೇಬಲ್‌ನವರು "ನನ್ನ ಸ್ನ್ಯಾಪ್ ಎಲ್ಲಿ ಹೋಯ್ತು" ಅಂತ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ.

ಆಟೋಕ್ಯಾಡ್‌ಗೆ ಪ್ರೋಗ್ರಾಂ ಬರೆಯಲು ಮೈಕ್ರೋಸಾಫ್ಟ್‌ನ ವಿಬಿಎ, ಡಾಟ್‌ನೆಟ್ ಕೂಡ ಬಂದವು. ವಿಬಿಎ 2010ರ ಆವೃತ್ತಿಯಿಂದ ಬೇರೆಯಾಗಿ ಡೌನ್‌ಲೋಡ್ ಮಾಡಿಕೊಳ್ಳುವ ವಸ್ತುವಾಯಿತು. ಹಳೇ ಲಿಸ್ಪ್ ಫೈಲ್‌ಗಳು ಮಾತ್ರ ಹೆಚ್ಚಿನವು ಇವತ್ತಿಗೂ ಓಡುತ್ತವೆ.

ಹಾಗಂತ ಸಿಕ್ಕಿದ್ದೆಲ್ಲ ಲೋಡ್ ಮಾಡಬೇಡಿ. 2012ರಲ್ಲಿ ಮೆಡ್ರೆ ಎಂಬ ಹುಳ (ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡುವ ವರ್ಮ್) ಸಿಕ್ಕಿತು, ಜಾಸ್ತಿ ಹರಡಿದ್ದು ಪೆರು ದೇಶದಲ್ಲಿ. ಬರೆದಿದ್ದು ಆಟೋಲಿಸ್ಪ್‌ನಲ್ಲೇ. ತೆರೆದ ಡ್ರಾಯಿಂಗ್‌ಗಳನ್ನು ಚೀನಾದ ಇಮೇಲ್ ಖಾತೆಗಳಿಗೆ ಕಳಿಸುತ್ತಿತ್ತು. ಆಟೋಕ್ಯಾಡ್ 2014ರಿಂದ ಗೊತ್ತಿಲ್ಲದ ಫೋಲ್ಡರಿನ ಫೈಲ್ ಲೋಡ್ ಮಾಡಲು ಹೋದರೆ ಒಂದು ಎಚ್ಚರಿಕೆ ಬರುತ್ತದೆ, ನಾವು ಓದದೆ ಲೋಡ್ ಒತ್ತುತ್ತೀವಲ್ಲ, ಅದೇ. ಲಿಸ್ಪ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಅದನ್ನೇ ಕಂಪೈಲ್ ಮಾಡಿದ ಎಫ್‌ಎಎಸ್ ಫೈಲನ್ನು ಓದೋಕಾಗಲ್ಲ. ಮೆಡ್ರೆ ಬಂದಿದ್ದು ಎಫ್‌ಎಎಸ್ ಆಗಿಯೇ.