17 ಗುರಿಗಳು ಮತ್ತು ಪಂಚಾಯತ್‌ನ ಕಸದ ಗಾಡಿ

ಸುಸ್ಥಿರ ಅಭಿವೃದ್ಧಿ ಗುರಿಗಳ ಪಾಠ ಬಂದ ಕೂಡಲೇ ನಾವೆಲ್ಲ ಸಂಖ್ಯೆ ಬಾಯಿಪಾಠ ಮಾಡುತ್ತೇವೆ. 2015ರ ಸೆಪ್ಟೆಂಬರ್, ವಿಶ್ವಸಂಸ್ಥೆ, 17 ಗುರಿ, 169 ಉಪಗುರಿ, ಗಡುವು 2030. ಪರೀಕ್ಷೆಗೆ ಇಷ್ಟು ಬೇಕೇ ಬೇಕು. ಆದರೆ ನ್ಯೂಯಾರ್ಕ್‌ನಲ್ಲಿ ಕೊಟ್ಟ ಮಾತು ಉಡುಪಿ ಜಿಲ್ಲೆಯ ಹಳ್ಳಿಗೆ ಬಂದು ತಲುಪುವುದು ಹೇಗೆ? ಇದು ತಿಳಿಯಬೇಕಾದರೆ ಒಂದೇ ವಿಷಯ ಹಿಡಿದು ಕೆಳಗಿನವರೆಗೆ ಹೋಗಬೇಕು. ನಾನು ಕಸವನ್ನು ಆರಿಸಿಕೊಂಡೆ.

ಕಸದ ಮಾತು 11ನೇ ಗುರಿಯಲ್ಲೂ ಇದೆ, 12ನೇ ಗುರಿಯಲ್ಲೂ ಇದೆ. ಒಪ್ಪಿಕೊಂಡದ್ದು ದೇಶ. ಕಸ ಎತ್ತಬೇಕಾದವರು ಸ್ಥಳೀಯ ಸಂಸ್ಥೆಯವರು. ಇಲ್ಲಿ ಸಂವಿಧಾನದ 1992ರ ಎರಡು ತಿದ್ದುಪಡಿಗಳು ನೆನಪಿರಲಿ. ನಗರಗಳಿಗಾಗಿ ಬಂದ 74ನೇ ತಿದ್ದುಪಡಿಯ 12ನೇ ಅನುಸೂಚಿಯಲ್ಲಿ 18 ವಿಷಯಗಳಿವೆ, ಅದರಲ್ಲಿ ಘನತ್ಯಾಜ್ಯ ನಿರ್ವಹಣೆ ಹೆಸರು ಹಿಡಿದೇ ಇದೆ. ಪಂಚಾಯತ್‌ಗಳಿಗಾಗಿ ಬಂದ 73ನೇ ತಿದ್ದುಪಡಿಯ 11ನೇ ಅನುಸೂಚಿಯಲ್ಲಿ 29 ವಿಷಯಗಳಿದ್ದರೂ ಸಿಗುವುದು ‘ಆರೋಗ್ಯ ಮತ್ತು ನೈರ್ಮಲ್ಯ’ ಮಾತ್ರ. ಆಗ ಹಳ್ಳಿಗೆ ಕಸ ಒಂದು ಸಮಸ್ಯೆ ಅನ್ನಿಸಿರಲಿಲ್ಲವೇನೋ. ಇವತ್ತು ಹಾಗೆ ಹೇಳೋಕಾಗಲ್ಲ, ಅಲ್ವಾ?

ಪಂಚಾಯತ್ ಮಟ್ಟದಲ್ಲಿ 17 ಗುರಿಗಳನ್ನು 9 ವಿಷಯಗಳಾಗಿ ಒಟ್ಟುಗೂಡಿಸಿದ್ದಾರೆ. ‘ಸ್ವಚ್ಛ ಮತ್ತು ಹಸಿರು ಗ್ರಾಮ’ ಅದರಲ್ಲೊಂದು. ಗ್ರಾಮಸಭೆಯಲ್ಲಿ ಚರ್ಚೆಯಾಗಿ ಅದು ಗ್ರಾಮ ಪಂಚಾಯತ್ ಅಭಿವೃದ್ಧಿ ಯೋಜನೆಯೊಳಗೆ ಸೇರಬೇಕು. ಇನ್ನು ದುಡ್ಡು. 15ನೇ ಹಣಕಾಸು ಆಯೋಗ ಪಂಚಾಯತ್ ಅನುದಾನದ ಶೇ. 60ರಷ್ಟನ್ನು ನೈರ್ಮಲ್ಯಕ್ಕೆ ಮತ್ತು ನೀರಿಗೆ ಅರ್ಧರ್ಧ ಮೀಸಲಿಟ್ಟಿತ್ತು. ಗುರಿ ನಿಜವಾಗಿ ನೆಲಕ್ಕೆ ಇಳಿಯುವುದು ಇಂಥ ಬಜೆಟ್ ಸಾಲುಗಳಲ್ಲೇ ಅಂತ ನನಗನಿಸುತ್ತದೆ.

ಈಗ ನಮ್ಮೂರು ನೋಡಿ. ಕರಾವಳಿಯ ಹಳ್ಳಿಗಳಲ್ಲಿ ಮನೆ ಸುತ್ತ ಹಿತ್ತಿಲು ಇರುತ್ತದೆ. ಹಸಿ ಕಸ ತೆಂಗಿನ ಬುಡಕ್ಕೋ ದನದ ಬಾಯಿಗೋ ಹೋಗುತ್ತದೆ. ಉಳಿಯುವುದು ಒಣ ಕಸ: ಹಾಲಿನ ಪ್ಯಾಕೆಟ್, ಚಿಪ್ಸ್ ಕವರ್, ಬಾಟಲಿ. ಒಂದು ಪಂಚಾಯತ್‌ನ ಒಣ ಕಸ ಬೇರ್ಪಡಿಸಿದರೂ ಕೊಳ್ಳುವವರಿಗೆ ಸಾಲುವಷ್ಟು ಆಗುವುದಿಲ್ಲ. ಶೆಡ್ಡಿನಲ್ಲಿ ರಾಶಿ ಬೀಳುತ್ತದೆ. ಅದಕ್ಕೇ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯತ್‌ಗಳಿಗೆ ಸೇರಿ ಒಂದೇ ಘಟಕ ಮಾಡಿದರು. ಜನ ಅದನ್ನು ಎಂಆರ್‌ಎಫ್ (ಮೆಟೀರಿಯಲ್ ರಿಕವರಿ ಫೆಸಿಲಿಟಿ, ಅಂದರೆ ಒಣ ಕಸ ಬೇರ್ಪಡಿಸುವ ಘಟಕ) ಅಂತಲೇ ಕರೆಯುತ್ತಾರೆ. ದಿನಕ್ಕೆ 10 ಟನ್ ಒಣ ಕಸ ಬೇರ್ಪಡಿಸಿ, ಒತ್ತಿ, ಕಟ್ಟಿ ಮಾರಾಟಕ್ಕೆ ಕಳಿಸುವ ಲೆಕ್ಕದಲ್ಲಿ ಅದನ್ನು ಕಟ್ಟಿದ್ದಾರೆ. ಅದಕ್ಕೂ ಮೊದಲೇ ಇದೇ ಜಿಲ್ಲೆಯ ವಂಡ್ಸೆ ಪಂಚಾಯತ್ ಕಸವನ್ನು ‘ಸಂಪನ್ಮೂಲ’ ಎಂದು ಕರೆದು ಮನೆಮನೆಯಿಂದ ಎತ್ತಲು ಶುರುಮಾಡಿತ್ತು. ರಾಜ್ಯದ ಎಷ್ಟೋ ಪಂಚಾಯತ್‌ಗಳಲ್ಲಿ ಕಸ ಎತ್ತುವವರು ಸಂಜೀವಿನಿ ಎಂಬ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಹೆಣ್ಣುಮಕ್ಕಳು. ‘ಸ್ವಚ್ಛ ವಾಹಿನಿ’ ಎಂಬ ಕಸದ ಗಾಡಿ ಓಡಿಸುವವರೂ ಅವರೇ. ಮಹಿಳೆಯರ 5ನೇ ಗುರಿ, ಉದ್ಯೋಗದ 8ನೇ ಗುರಿ, ಕಸದ 12ನೇ ಗುರಿ ಮೂರೂ ಒಂದೇ ಗಾಡಿಯಲ್ಲಿ ಬಂದಂತಾಯಿತು. ಉತ್ತರ ಬರೆಯುವಾಗ ಈ ಉದಾಹರಣೆ ಬಿಡಬೇಡಿ.

ಮಂಗಳೂರಿನ ಕಥೆ ಬೇರೆ. ಫ್ಲ್ಯಾಟುಗಳಿಗೆ ಹಿತ್ತಿಲಿಲ್ಲ. ಹಸಿ, ಒಣ, ಅಪಾಯಕಾರಿ ಅಂತ ಮನೆಯಲ್ಲೇ ಬೇರ್ಪಡಿಸಿ ಎಂದು 2016ರ ನಿಯಮ ಹೇಳಿತ್ತು. ಬೇರ್ಪಡದೆ ಹೋದದ್ದೆಲ್ಲ ನಗರದ ಕಸ ಸುರಿಯುವ ಪಚ್ಚನಾಡಿಯಲ್ಲಿ ಗುಡ್ಡವಾಯಿತು. 2019ರ ಆಗಸ್ಟ್ ಮಳೆಗೆ ಆ ಗುಡ್ಡ ಜಾರಿ ಪಕ್ಕದ ಮಂದಾರ ಎಂಬ ಊರಿನ ಮೇಲೆ ಹರಿಯಿತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೂತುಹೋದವು, ಜನ ಮನೆ ಬಿಟ್ಟು ಹೋಗಬೇಕಾಯಿತು. 11ನೇ ಗುರಿ ಓದುವಾಗಲೆಲ್ಲ ನನಗೆ ಮಂದಾರವೇ ಕಣ್ಣಮುಂದೆ ಬರುತ್ತದೆ.

ಕೊನೆಗೊಂದು ಅಭ್ಯಾಸ. ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ನಿಮ್ಮ ಪಂಚಾಯತ್‌ನ ಯೋಜನೆ ತೆರೆಯಿರಿ. ಕಸದ ಶೆಡ್ಡಿಗೆ ಇಟ್ಟ ಹಣ ಸುಲಭವಾಗಿ ಸಿಗುತ್ತದೆ. ಆಮೇಲೆ ಗಾಡಿಯ ಡೀಸೆಲ್ಲಿಗೆ, ಓಡಿಸುವ ಅಕ್ಕನ ತಿಂಗಳ ಸಂಬಳಕ್ಕೆ ದುಡ್ಡು ಎಲ್ಲಿಂದ ಅಂತ ಹುಡುಕಿ. ಅನುದಾನವೋ, ಮನೆಯವರು ಕೊಡುವ ತಿಂಗಳ ಶುಲ್ಕವೋ? ಉತ್ತರ ಕಾಣದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಅವರನ್ನೇ ಕೇಳಿ.