ಈರಿ ಸರೋವರದ ಪಾಚಿ, ಹಾಸನದ ಡಿಎಪಿ ಚೀಲ

ಕೆರೆ ವಿಜ್ಞಾನಿ ನಿವೃತ್ತರಾದರೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತೇವೆ. ಅವರು ವರ್ಷಗಟ್ಟಲೆ ಬರೆದಿಟ್ಟ ಲೆಕ್ಕ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳಲ್ಲ. ಅಮೆರಿಕ, ಕೆನಡಾ ನಡುವಿನ ಈರಿ ಸರೋವರದಲ್ಲಿ ಅಂಥ ಲೆಕ್ಕವೇ ಕೈಹಿಡಿಯಿತು.

1960ರ ದಶಕದಲ್ಲಿ ಈರಿ ಸತ್ತೇ ಹೋಯಿತು ಅಂತ ಪತ್ರಿಕೆಗಳು ಬರೆದವು. ಎಲ್ಲಿ ನೋಡಿದರೂ ಪಾಚಿ. ಚರಂಡಿ ನೀರು, ಸೋಪಿನ ಪುಡಿಯಲ್ಲಿರುವ ರಂಜಕವೇ (ಫಾಸ್ಫರಸ್) ಕಾರಣ ಎಂದರು ವಿಜ್ಞಾನಿಗಳು. ಸೋಪಿನ ಕಂಪನಿಗಳು ತಪ್ಪನ್ನು ಇಂಗಾಲದ ಮೇಲೆ ಹಾಕಿದವು. 1973ರಲ್ಲಿ ಸರೋವರ ವಿಜ್ಞಾನಿ ಡೇವಿಡ್ ಶಿಂಡ್ಲರ್ ತಂಡ ಕೆನಡಾದ 226ನೇ ನಂಬರಿನ ಪುಟ್ಟ ಸರೋವರಕ್ಕೆ ನಡುವೆ ಪರದೆ ಕಟ್ಟಿತು. ಎರಡೂ ಕಡೆ ಇಂಗಾಲ, ಸಾರಜನಕ ಸುರಿದರು. ರಂಜಕ ಮಾತ್ರ ಒಂದೇ ಕಡೆ. ಆ ಕಡೆ ಹಸಿರೋ ಹಸಿರು, ಈ ಕಡೆ ತಿಳಿನೀರು. ಮೇಲಿಂದ ತೆಗೆದ ಆ ಫೋಟೊ ನೋಡಿದ ಮೇಲೆ ವಾದ ಮಾಡುವುದು ಕಷ್ಟವಾಯಿತು.

ಸರೋವರಕ್ಕೆ ಸೇರುವ ರಂಜಕ ಇಳಿಸಲು 1972ರಲ್ಲೇ ಎರಡೂ ದೇಶ ಒಪ್ಪಂದ ಮಾಡಿಕೊಂಡಿದ್ದವು. ರಂಜಕ ಇಳಿಯಿತು, 1980ರ ದಶಕಕ್ಕೆ ಈರಿ ಚೇತರಿಸಿಕೊಂಡಿತು.

ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? 1990ರ ದಶಕದ ಮಧ್ಯದಿಂದ ಪಾಚಿ ಮತ್ತೆ ಬಂತು. ಯಾಕೆ ಅನ್ನುವುದು ಗೊತ್ತಾಗಿದ್ದು ಒಹಾಯೊದ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ಹಳೇ ಲೆಕ್ಕದಿಂದ. ಡೇವಿಡ್ ಬೇಕರ್ 1969ರಲ್ಲಿ ಅಲ್ಲಿ ಶುರು ಮಾಡಿದ ಲ್ಯಾಬು, ಈರಿಗೆ ಸೇರುವ ಮೌಮೀ ನದಿಯ ನೀರಲ್ಲಿರುವ ರಂಜಕವನ್ನು 1970ರ ದಶಕದಿಂದ ಅಳೆಯುತ್ತಲೇ ಇತ್ತು. ಬೇಕರ್ ನಿವೃತ್ತರಾದ ಮೇಲೂ ಬಾಟಲಿ ತುಂಬುವುದು ನಿಲ್ಲಲಿಲ್ಲ. ಮಣ್ಣಿಗಂಟಿ ಬರುವ ರಂಜಕ ಇಳಿದಿತ್ತು, ನೀರಲ್ಲಿ ಕರಗಿದ್ದು ಏರಿತ್ತು. ಪಾಚಿಗೆ ಸಲೀಸಾಗಿ ದಕ್ಕುವುದು ಕರಗಿದ್ದೇ. ಅದು ಜಾಸ್ತಿ ಬರುತ್ತಿದ್ದದ್ದು ಹೊಲಗಳಿಂದ. ಒಟ್ಟು ರಂಜಕ ಮಾತ್ರ ನೋಡಿ ಸುಮ್ನೆ ಕೂತಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. 2014ರ ಆಗಸ್ಟಿನಲ್ಲಿ ಪಾಚಿಯ ವಿಷದಿಂದ ಈರಿ ದಂಡೆಯ ಟೊಲೆಡೊ ನಗರದ ಕಡೆಯ ಸುಮಾರು 4 ಲಕ್ಷ ಜನ ನಲ್ಲಿ ನೀರು ಕುಡಿಯುವಂತಿರಲಿಲ್ಲ. ಆ ವಿಷ ಕುದಿಸಿದರೂ ಹೋಗಲ್ಲ.

ಇನ್ನು ಹಾಸನಕ್ಕೆ ಬನ್ನಿ. ಆಲೂಗಡ್ಡೆಗೆ ಹಾಕುವ ಡಿಎಪಿ ಗೊಬ್ಬರದ ಚೀಲದ ಮೇಲೆ 18:46 ಅಂತ ಇರುತ್ತದೆ. ಅಂದರೆ ನೂರಕ್ಕೆ 18 ಭಾಗ ಸಾರಜನಕ, 46 ಭಾಗ ಆಮ್ಲಜನಕದ ಜೊತೆ ಸೇರಿದ ರಂಜಕ. ಲೆಕ್ಕ ಹಾಕಿದರೆ 50 ಕೆಜಿ ಚೀಲದಲ್ಲಿ ಅಪ್ಪಟ ರಂಜಕವೇ ಸುಮಾರು 10 ಕೆಜಿ. 1 ಕೆಜಿ ರಂಜಕಕ್ಕೆ 500 ಕೆಜಿವರೆಗೂ ಹಸಿ ಪಾಚಿ ಬೆಳೆಯಬಲ್ಲದು. ಹಾಕಿದ್ದೆಲ್ಲ ಕೆರೆಗೆ ಹರಿಯಲ್ಲ, ನಿಜ. ಎಷ್ಟು ಹರಿಯುತ್ತದೆ ಅನ್ನುವುದಕ್ಕೇ ಅಳತೆ ಬೇಕು.

ಗೊರೂರು ಡ್ಯಾಮಿನ ಗರಿಷ್ಠ ಮಟ್ಟ 2922 ಅಡಿ. ಮಳೆಗಾಲದಲ್ಲಿ ಇವತ್ತಿನ ಮಟ್ಟ, ಒಳಹರಿವು, ಹೊರಹರಿವು ಎಲ್ಲ ಪೇಪರಿನಲ್ಲಿ ಬರುತ್ತವೆ. ವಾರಕ್ಕೊಮ್ಮೆಯಾದರೂ ಅವುಗಳ ಪಕ್ಕ ರಂಜಕದ ಅಂಕಿಯೂ ಬರಲಿ.